ಚಪ್ಪಟೆ ಮೂತಿಯ ಗುಂಡು

ವ್ಯಾಡ್‌ಕಟರ್ ಎಂದರೇನು ಎಂದು ಕೇಳುವ ಓದುಗರು ಈಚೆಗೆ ಹೆಚ್ಚಾಗಿದ್ದಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದ ಮೇಲೆ ನಮ್ಮ ಬಂಗಾರಪೇಟೆ, ಕೆಜಿಎಫ್ ಕಡೆಯ ಮನೆಗಳಲ್ಲೂ ಪಿಸ್ತೂಲ್ ಶೂಟಿಂಗ್ ಒಂದು ಆಟವೆಂಬ ಮಾತು ಬಂದಿದೆ. ಮಕ್ಕಳನ್ನು ಬೆಂಗಳೂರಿನ ಕ್ಲಬ್ಬಿಗೆ ಸೇರಿಸಿದವರು ಕೋಚ್ ಬಾಯಲ್ಲಿ ಈ ಹೆಸರು ಕೇಳಿಕೊಂಡು ಬರುತ್ತಾರೆ. ಲೈಸೆನ್ಸ್ ಇರುವ ರೈತರು, ವ್ಯಾಪಾರಿಗಳು ಇನ್ನೊಂದು ದಿಕ್ಕಿನಿಂದ ಕೇಳುತ್ತಾರೆ: "ಸಾರ್, ನನ್ನ 32 ರಿವಾಲ್ವರಿಗೆ ಆ ಚಪ್ಪಟೆ ಗುಂಡು ಹಾಕಬಹುದಾ? ಅದು ಒಳ್ಳೇದಂತೆ." ಮೈನಿಂಗ್ ಕಾಲೋನಿಗಳ ಹಳೆಯ ಮನೆಗಳಿಂದ ಬರುವ ಪ್ರಶ್ನೆಯೇ ಬೇರೆ. ಅದನ್ನು ತಗ್ಗಿದ ದನಿಯಲ್ಲಿ ಕೇಳುತ್ತಾರೆ: "ನಮ್ಮ ತಾತನ ಟ್ರಂಕಿನಲ್ಲಿ ಒಂದು ಡಬ್ಬಿ ಕಾಡತೂಸು ಸಿಕ್ಕಿದೆ. ಏನು ಮಾಡಲಿ?" ಈ ವಾರ ಮೂವರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ, ಏಕೆಂದರೆ ಮೂರೂ ಉತ್ತರಗಳ ಬೇರು ಒಂದೇ. ಯಾವ ಗುಂಡನ್ನು ಯಾವ ಕೆಲಸಕ್ಕೆ, ಯಾವ ಕಾಲದಲ್ಲಿ ಮಾಡಿದರು ಎಂದು ತಿಳಿಯದೆ ಅದನ್ನು ನಳಿಗೆಗೆ ಹಾಕಬಾರದು.

ಸಾಮಾನ್ಯ ರಿವಾಲ್ವರ್ ಕಾಡತೂಸಿನ ಸೀಸದ ಗುಂಡು ಹಿತ್ತಾಳೆ ಕೇಸಿನಿಂದ ಹೊರಗೆ ಚಾಚಿಕೊಂಡಿರುತ್ತದೆ, ಅದರ ಮೂತಿ ದುಂಡಗಿರುತ್ತದೆ. ವ್ಯಾಡ್‌ಕಟರ್‌ನಲ್ಲಿ ಮೂತಿಯೇ ಇಲ್ಲ. ಗುಂಡು ಒಂದು ಪುಟ್ಟ ಉರುಳೆ, ಮುಂಭಾಗ ಚಪ್ಪಟೆ. ಬಹುಪಾಲು ತಯಾರಿಕೆಗಳಲ್ಲಿ ಅದು ಕೇಸಿನ ಬಾಯಿಗೆ ಸಮನಾಗಿ ಒಳಗೇ ಕೂತಿರುತ್ತದೆ. ಮೊದಲ ಸಲ ನೋಡಿದವರಿಗೆ ಖಾಲಿ ಕೇಸಿಗೆ ಸೀಸದ ಮುಚ್ಚಳ ಬಡಿದಂತೆ ಕಾಣುತ್ತದೆ. ಇದನ್ನು ಮಾಡಿದ್ದು ಕಾಗದಕ್ಕಾಗಿ, ಅಂದರೆ ಗುರಿಯ ಹಾಳೆಗಾಗಿ. ದುಂಡು ಮೂತಿಯ ಗುಂಡು ಹಾಳೆಯನ್ನು ತಳ್ಳಿ, ಹರಿದುಕೊಂಡು ಹೋಗುತ್ತದೆ. ಅದು ಹೋದ ಮೇಲೆ ಹರಿದ ಎಳೆಗಳು ಮತ್ತೆ ಒಳಕ್ಕೆ ಮಡಚಿಕೊಂಡು, ತೂತು ಗುಂಡಿಗಿಂತ ಚಿಕ್ಕದಾಗಿ, ಅಂಚು ಸಿಗುರಾಗಿ ಕಾಣುತ್ತದೆ. ಚಪ್ಪಟೆ ಗುಂಡಿನ ಚೂಪಾದ ಅಂಚು ಆಫೀಸಿನ ಫೈಲಿಗೆ ತೂತು ಹೊಡೆಯುವ ಪಂಚಿನ ಹಾಗೆ ಹಾಳೆಯನ್ನು ದುಂಡಗೆ ಕತ್ತರಿಸಿಬಿಡುತ್ತದೆ.

ತೂತಿನ ಅಂಚು ಯಾಕೆ ಅಷ್ಟು ಮುಖ್ಯ? ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವವರಿಗೆ ಇದರ ಚಿಂತೆಯಿಲ್ಲ, ಕಾಯಿ ಒಡೆದರಾಯಿತು. ಅಂತರರಾಷ್ಟ್ರೀಯ ನಿಯಮದ 25 ಮೀಟರ್ ಪಿಸ್ತೂಲ್ ಸ್ಪರ್ಧೆಯ ಲೆಕ್ಕ ಬೇರೆ. ಅಲ್ಲಿನ ಪ್ರಿಸಿಷನ್ ಹಾಳೆಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಗಲ 50 ಮಿಲಿಮೀಟರ್, ಒಂಬತ್ತರದು 100. ತೂತಿನ ಅಂಚು ಒಳಗೆರೆಯನ್ನು ಮುಟ್ಟಿದರೆ ಒಳಗಿನ ಅಂಕವೇ ಸಿಗುತ್ತದೆ. ಅನುಮಾನ ಬಂದರೆ ತೀರ್ಪುಗಾರರು ಗೇಜ್ ಎಂಬ ಅಳತೆ ಬೆಣೆಯನ್ನು ತೂತಿಗೆ ಇಳಿಸಿ ನೋಡುತ್ತಾರೆ. ಹರಿದ ತೂತಿನಲ್ಲಿ ಗೇಜ್ ಓರೆಯಾಗಿ ಕೂರುತ್ತದೆ, ದುಂಡಗೆ ಕತ್ತರಿಸಿದ ತೂತಿನಲ್ಲಿ ನೆಟ್ಟಗೆ ನಿಲ್ಲುತ್ತದೆ. ವರ್ಷವಿಡೀ ಬೆವರು ಸುರಿಸಿದ ಒಬ್ಬ ಹುಡುಗನ ಪದಕ ಆ ಕೂದಲೆಳೆಯಷ್ಟು ಅಂತರದಲ್ಲಿರುತ್ತದೆ.

ಈ ಗುಂಡಿನ ನಿಜವಾದ ಮನೆ ಸೆಂಟರ್‌ಫೈರ್ ಪಿಸ್ತೂಲ್ ಸ್ಪರ್ಧೆ. ಒಟ್ಟು 60 ಗುಂಡು. ಮೊದಲ 30ನ್ನು ಐದೈದರಂತೆ, ಪ್ರತಿ ಐದಕ್ಕೆ ಐದು ನಿಮಿಷ ತೆಗೆದುಕೊಂಡು ನಿಧಾನವಾಗಿ ಹೊಡೆಯಬೇಕು. ಉಳಿದ 30ರಲ್ಲಿ ಗುರಿ ಮೂರು ಸೆಕೆಂಡು ಮುಖ ತೋರಿಸಿ ಏಳು ಸೆಕೆಂಡು ಮರೆಯಾಗುತ್ತದೆ. ಮುಖ ತೋರಿದ ಪ್ರತಿ ಸಲವೂ ಕೈ ಎತ್ತಿ ಒಂದೇ ಗುಂಡು. 7.62ರಿಂದ 9.65 ಮಿಲಿಮೀಟರ್‌ವರೆಗಿನ ಬೋರ್‌ಗೆ ಇಲ್ಲಿ ಅವಕಾಶವಿದೆ. ಹಿಂದೆ 38 ಬೋರಿನ ರಿವಾಲ್ವರ್‌ಗಳ ಕಾಲವಿತ್ತು, ಅದರ ವ್ಯಾಡ್‌ಕಟರ್ 148 ಗ್ರೇನ್, ಅಂದರೆ ಸುಮಾರು ಒಂಬತ್ತೂವರೆ ಗ್ರಾಂ ತೂಗುತ್ತಿತ್ತು. ರಷ್ಯಾದ ತೂಲಾ ಕಾರ್ಖಾನೆಯವರು ಹಳೆಯ ನಗಾನ್ ರಿವಾಲ್ವರಿನ ಜಾಡಿನಲ್ಲೇ ಗುರಿ ಸ್ಪರ್ಧೆಗೆಂದು ಪ್ರತ್ಯೇಕ ರಿವಾಲ್ವರ್ ಮಾಡಿ, ಅದಕ್ಕೂ ಚಪ್ಪಟೆ ಗುಂಡನ್ನೇ ತುಂಬಿದರು. ಈಗ ಹೆಚ್ಚಿನವರು ಹಿಡಿಯುವುದು 32 ಸ್ಮಿತ್ ಅಂಡ್ ವೆಸನ್ ಲಾಂಗ್ ಕಾಡತೂಸಿನ ಪಿಸ್ತೂಲ್. 1896ರಲ್ಲಿ ರಿವಾಲ್ವರಿಗೆಂದು ಹುಟ್ಟಿದ ಈ ಕಾಡತೂಸಿನ ಗುಂಡು 98 ಗ್ರೇನ್, ಆರು ಗ್ರಾಂಗೆ ಸ್ವಲ್ಪ ಮೇಲೆ. ಒದೆತ ಕಡಿಮೆ, ಕೈ ಬೇಗ ಮರಳಿ ಗುರಿಗೆ ಬರುತ್ತದೆ. ಅಂಕ ಅಳೆಯುವ ಗೇಜ್ ಎಲ್ಲ ಬೋರಿಗೂ 9.65 ಮಿಲಿಮೀಟರಿನದೇ ಆದ್ದರಿಂದ ಚಿಕ್ಕ ಗುಂಡು ಹಿಡಿದವರಿಗೆ ನಷ್ಟವೂ ಇಲ್ಲ. ನಮ್ಮ ದೇಶಕ್ಕೆ ಈ ಆಟದಲ್ಲಿ ದೊಡ್ಡ ಹೆಸರಿದೆ. ಜಸ್ಪಾಲ್ ರಾಣಾ 1994ರ ಹಿರೋಶಿಮಾ ಏಷ್ಯನ್ ಗೇಮ್ಸ್‌ನಲ್ಲಿ ಇದರಲ್ಲೇ ಚಿನ್ನ ಗೆದ್ದರು. 2006ರ ದೋಹಾದಲ್ಲಿ 600ಕ್ಕೆ 590 ಹೊಡೆದು, ಆಗಿನ ವಿಶ್ವದಾಖಲೆಯನ್ನು ಸರಿಗಟ್ಟಿ ಮತ್ತೆ ಚಿನ್ನ ಗೆದ್ದರು. ಪ್ಯಾರಿಸ್‌ನಲ್ಲಿ ಮನು ಭಾಕರ್ ಹಿಂದೆ ನಿಂತಿದ್ದ ಗುರುವೂ ಅವರೇ. 2014ರ ಇಂಚಿಯಾನ್‌ನಲ್ಲಿ ವಿಜಯ್ ಕುಮಾರ್, ಗುರ್‌ಪ್ರೀತ್ ಸಿಂಗ್, ಪೆಂಬಾ ತಮಾಂಗ್ ಅವರ ತಂಡ ಇದೇ ಸ್ಪರ್ಧೆಯಲ್ಲಿ ಬೆಳ್ಳಿ ತಂದಿತು. ಇಷ್ಟೆಲ್ಲ ಇದ್ದೂ ಇದು ಒಲಿಂಪಿಕ್ಸ್ ಪಟ್ಟಿಯಲ್ಲಿಲ್ಲ. ಹಾಗಾಗಿ ಪತ್ರಿಕೆಗಳಲ್ಲಿ ಇದಕ್ಕೆ ಜಾಗ ಸಿಗುವುದು ಕಡಿಮೆ. ಅದು ನನಗೆ ಬೇಸರದ ಸಂಗತಿ.

ದೊಡ್ಡ ಸ್ಪರ್ಧೆಗಳಲ್ಲಿ ಈಗ ಎಲೆಕ್ಟ್ರಾನಿಕ್ ಗುರಿಗಳಿವೆ. ಗುಂಡು ಎಲ್ಲಿ ಹಾಯಿತು ಎಂಬುದನ್ನು ಯಂತ್ರವೇ ಲೆಕ್ಕ ಹಾಕುತ್ತದೆ, ತೂತಿನ ಚೆಲುವಿಗೆ ಅಲ್ಲಿ ಅಂಕವಿಲ್ಲ. ಹಾಗಾದರೆ ಚಪ್ಪಟೆ ಗುಂಡು ಯಾಕೆ ಉಳಿದಿದೆ? ಅದರ ಇನ್ನೊಂದು ಗುಣಕ್ಕಾಗಿ. ಅದು ಮೆತ್ತನೆಯ ಸೀಸದ್ದು, ಹಿಂಭಾಗದಲ್ಲಿ ಹಲವಕ್ಕೆ ಬಟ್ಟಲಿನಂಥ ಕುಳಿಯಿರುತ್ತದೆ. ಮದ್ದು ಉರಿದು ಗಾಳಿ ಒತ್ತಿದಾಗ ಆ ಕುಳಿಯ ಅಂಚು ಹಿಗ್ಗಿ ನಳಿಗೆಯ ತಿರುಪುಗೆರೆಗಳಿಗೆ ಬಿಗಿಯಾಗಿ ಕೂರುತ್ತದೆ, ಗುಂಡು ಅಲುಗಾಡದೆ ತಿರುಗಿಕೊಂಡು ಹೊರಡುತ್ತದೆ. ಮದ್ದು ಅತಿ ಕಡಿಮೆ, ವೇಗ ಸೆಕೆಂಡಿಗೆ 200ರಿಂದ 250 ಮೀಟರ್, ಅಂದರೆ ಶಬ್ದದ ವೇಗಕ್ಕಿಂತ ಬಹಳ ಕೆಳಗೆ. ಇಪ್ಪತ್ತೈದು ಮೀಟರಿನ ಆಟಕ್ಕೆ ಇದಕ್ಕಿಂತ ಸೌಮ್ಯವಾದ, ಇದಕ್ಕಿಂತ ನಂಬಿಕೆಯ ಗುಂಡು ಇನ್ನೂ ಬಂದಿಲ್ಲ. ದೂರ ಹೆಚ್ಚಿದಂತೆ ಅದರ ಸ್ಥಿರತೆ ಕೆಡುತ್ತದೆ. ಅದು ಅದರ ದೋಷವಲ್ಲ, ಅದನ್ನು ಅಷ್ಟು ದೂರಕ್ಕೆ ಮಾಡಿಯೇ ಇಲ್ಲ.

ಮಕ್ಕಳ ತಂದೆತಾಯಿಗಳಿಗೆ ಹೇಳಬೇಕಾದ್ದು ಇಲ್ಲೇ ಇದೆ. ನಿಮ್ಮ ಮಗ ಅಥವಾ ಮಗಳು ಮೊದಲು ಮುಟ್ಟುವ ವ್ಯಾಡ್‌ಕಟರ್ ರಿವಾಲ್ವರಿನದಲ್ಲ, ಏರ್ ಪಿಸ್ತೂಲಿನದು. 4.5 ಮಿಲಿಮೀಟರಿನ, ಅರ್ಧ ಗ್ರಾಂ ಆಸುಪಾಸಿನ, ನಡು ಸಣ್ಣಗಿರುವ ಆ ಸೀಸದ ಪೆಲೆಟ್ಟಿನ ಮೂತಿಯೂ ಚಪ್ಪಟೆಯೇ, ಕಾರಣವೂ ಅದೇ. ಹತ್ತು ಮೀಟರ್ ಏರ್ ಪಿಸ್ತೂಲ್ ಹಾಳೆಯಲ್ಲಿ ಹತ್ತರ ವೃತ್ತ ಬರೀ 11.5 ಮಿಲಿಮೀಟರ್. ಅಂಗಡಿಯಲ್ಲಿ ಚೂಪು ಮೂತಿಯ ಪೆಲೆಟ್ಟೂ ಸಿಗುತ್ತದೆ, ನೋಡಲು ಅದೇ ಜೋರಾಗಿ ಕಾಣುತ್ತದೆ. ಹಾಳೆಗೆ ಹೊಡೆಯುವ ಮಗುವಿಗೆ ಅದನ್ನು ಕೊಡಿಸಬೇಡಿ. 4.5 ಮಿಲಿಮೀಟರ್ ಮೀರದ, 20 ಜೂಲ್ ಶಕ್ತಿ ದಾಟದ ಏರ್‌ಗನ್‌ಗಳಿಗೆ 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡ. ಸ್ಪರ್ಧೆಯ ಏರ್ ಪಿಸ್ತೂಲ್‌ಗಳ ಶಕ್ತಿ ಆ ಮಿತಿಗಿಂತ ಎಷ್ಟೋ ಕೆಳಗಿದೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು ಈ ಹತ್ತು ಮೀಟರ್ ಏರ್ ಪಿಸ್ತೂಲಿನಲ್ಲೇ. ಸೆಂಟರ್‌ಫೈರ್‌ಗೆ ಬರುವ ಹೊತ್ತಿಗೆ ಮಗುವಿನ ಕೈ ಪಳಗಿರುತ್ತದೆ, ಕ್ಲಬ್ಬೂ ರೈಫಲ್ ಸಂಸ್ಥೆಯೂ ದಾರಿ ತೋರಿಸುತ್ತವೆ. ಸ್ಪರ್ಧಿಗಳು ಬಳಸುವ 32ರ ವ್ಯಾಡ್‌ಕಟರ್ ಹೆಚ್ಚಾಗಿ ಫಿನ್ಲೆಂಡಿನ ಲಪುವಾ, ಇಟಲಿಯ ಫಿಯೋಚಿ ಮುಂತಾದ ಕಂಪನಿಗಳದು. ಅದು ದುಬಾರಿ. ಆದ್ದರಿಂದ ಕೊಳ್ಳುವಾಗ ಒಂದು ಮಾತು ನೆನಪಿಡಿ: ಡಬ್ಬಿಯ ಮೇಲಿನ ಲಾಟ್ ನಂಬರು ನೋಡಿ. ಒಂದು ಲಾಟನ್ನು ನಿಮ್ಮದೇ ಪಿಸ್ತೂಲಿನಲ್ಲಿ ಹೊಡೆದು, ಗುಂಡುಗಳು ಒಂದೆಡೆ ಗುಂಪಾಗಿ ಬೀಳುತ್ತವೆಯೇ ನೋಡಿ, ಸರಿ ಬಂದರೆ ಆ ಲಾಟಿನದನ್ನೇ ಸ್ಪರ್ಧೆಗೆ ಎತ್ತಿಡಿ. ಬ್ರ್ಯಾಂಡಿನ ಹೆಸರಿಗಿಂತ ಲಾಟು ಮತ್ತು ನಳಿಗೆಯ ಹೊಂದಾಣಿಕೆ ದೊಡ್ಡದು.

ಲೈಸೆನ್ಸ್ ಇರುವವರ ಪ್ರಶ್ನೆಗೆ ಬರುತ್ತೇನೆ. ನಮ್ಮಲ್ಲಿ ಲೈಸೆನ್ಸಿನ ಮೇಲೆ ಸಾಮಾನ್ಯವಾಗಿ ಸಿಗುವ ರಿವಾಲ್ವರ್ ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯ 32. ಹಳೆಯ ವೆಬ್ಲಿ ಮಾರ್ಕ್ 4ರ ವಿನ್ಯಾಸದ ಮೇಲೆ ಮಾಡಿದ, ನಡುವೆ ಮುರಿದು ತೆರೆಯುವ, ಆರು ಗುಂಡಿನ ಆಯುಧ ಅದು. 2014ರಲ್ಲಿ ಬಂದ ಹಗುರವಾದ ನಿರ್ಭೀಕ್ ಕೂಡ 32ರದ್ದೇ. ಈ ರಿವಾಲ್ವರ್‌ಗಳು ತಿನ್ನುವುದು 32 ಸ್ಮಿತ್ ಅಂಡ್ ವೆಸನ್ ಲಾಂಗ್, ಆದ್ದರಿಂದ ಅದೇ ಹೆಸರಿನ ಕಾರ್ಖಾನೆ ವ್ಯಾಡ್‌ಕಟರ್ ಅಳತೆಯಲ್ಲಿ ಅದಕ್ಕೆ ಹೊಂದುತ್ತದೆ. ನಿಮ್ಮ ಉದ್ದೇಶ ರೇಂಜಿನಲ್ಲಿ ಹಾಳೆಗೆ ಹೊಡೆದು ಕೈ ಪಳಗಿಸಿಕೊಳ್ಳುವುದಾದರೆ ಅದು ಒಳ್ಳೆಯ ಗುಂಡು. ಆದರೆ ಅದರಲ್ಲಿ ಏನೋ ಗುಟ್ಟಿನ ಬಲವಿದೆ ಎಂದು ಕೇಳಿ ಆಸೆಪಟ್ಟಿದ್ದರೆ ಆ ಆಸೆ ಬಿಡಿ. ನಿಧಾನವಾಗಿ ಹೋಗಲೆಂದೇ ಮಾಡಿದ ಗುಂಡು ಅದು. ಅಂಗಡಿಯವರು ಸಾಮಾನ್ಯವಾಗಿ ಕೊಡುವ ದುಂಡು ಮೂತಿಯ ಆರ್ಡ್‌ನೆನ್ಸ್ ಕಾಡತೂಸೇ ನಿಮ್ಮ ರಿವಾಲ್ವರ್ ಯಾವುದಕ್ಕೆಂದು ತಯಾರಾಯಿತೋ ಅದು.

ಇನ್ನೊಂದು ಎಡವಟ್ಟು ನಮ್ಮ ಕಡೆ ಮತ್ತೆ ಮತ್ತೆ ಆಗುತ್ತದೆ. ಬಾಯಿಮಾತಿನಲ್ಲಿ ಎಲ್ಲರೂ ಬರೀ "ತರ್ಟಿ ಟೂ" ಎನ್ನುತ್ತಾರೆ. 32 ಎರಡಿವೆ. ರಿವಾಲ್ವರಿನ 32 ಲಾಂಗ್ ಒಂದು, ಅಶನಿಯಂಥ ಪಿಸ್ತೂಲಿನ 32, ಅಂದರೆ 7.65 ಮಿಲಿಮೀಟರ್ ಆಟೋ, ಇನ್ನೊಂದು. ಎರಡನೆಯದು ಗಿಡ್ಡ, ಒತ್ತಡ ಜಾಸ್ತಿ. ಅದರ ಅಡಿಯಲ್ಲಿ ಸಣ್ಣದೊಂದು ಅಂಚು ಇರುವುದರಿಂದ ಎಷ್ಟೋ ರಿವಾಲ್ವರಿನ ಕೋಣೆಯೊಳಗೆ ಹೋಗಿ ಕೂತೂ ಬಿಡುತ್ತದೆ. ಕೂತಿತೆಂದು ಹೊಡೆಯಬೇಡಿ, ಹಳೆಯ ರಿವಾಲ್ವರಿನಲ್ಲಂತೂ ಮುಟ್ಟಲೂ ಬೇಡಿ. ನಳಿಗೆಯ ಮೇಲೆ ಕೊರೆದ ಹೆಸರು, ಡಬ್ಬಿಯ ಮೇಲಿನ ಹೆಸರು, ಲೈಸೆನ್ಸ್ ಪುಸ್ತಕದ ಹೆಸರು ಮೂರೂ ಅಕ್ಷರಕ್ಷರ ಹೊಂದಬೇಕು. ಮನೆಯಲ್ಲಿ ಮದ್ದು ಬದಲಿಸುವ, ಗುಂಡು ಕಿತ್ತು ಬೇರೆಯದರಲ್ಲಿ ಕೂರಿಸುವ ಉಸಾಬರಿ ಖಂಡಿತ ಬೇಡ. ಪರವಾನಗಿ ಇಲ್ಲದೆ ಕಾಡತೂಸು ತಯಾರಿಸುವುದು ಅಪರಾಧ. ಅದಿರಲಿ, ಹಿಂಬದಿ ಕುಳಿಯಿರುವ ಮೆತ್ತನೆಯ ಗುಂಡಿಗೆ ಒತ್ತಡ ಹೆಚ್ಚಾದರೆ ಅದರ ತಲೆ ಮಾತ್ರ ಹಾರಿ, ಸೀಸದ ಬಳೆಯೊಂದು ನಳಿಗೆಯಲ್ಲೇ ಉಳಿಯಬಹುದು. ಮುಂದಿನ ಗುಂಡಿಗೆ ನಳಿಗೆಯೇ ಸಿಡಿಯಬಹುದು.

ರೇಂಜಿನಲ್ಲಿ ನಾನು ಕಲಿತ ಮೊದಲ ಪಾಠ ಗುರಿ ಹಿಡಿಯುವುದಲ್ಲ, ಕೇಳಿಸಿಕೊಳ್ಳುವುದು. ಢಂ ಎನ್ನಬೇಕಾದಲ್ಲಿ ಪುಸ್ ಎಂದರೆ ಅಲ್ಲಿಗೇ ನಿಲ್ಲಿಸಬೇಕು. ವ್ಯಾಡ್‌ಕಟರ್‌ನಲ್ಲಿ ಮದ್ದು ಮೊದಲೇ ಕಡಿಮೆ. ಅದರಲ್ಲೂ ಕೊರತೆಯಾದರೆ ಗುಂಡು ಹೊರಬರದೆ ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ರಿವಾಲ್ವರ್ ಖಾಲಿ ಮಾಡಿ, ನಳಿಗೆಯಲ್ಲಿ ಬೆಳಕು ಹಾಯುತ್ತದೆಯೇ ನೋಡದ ಹೊರತು ಮತ್ತೊಂದು ಗುಂಡು ಹಾರಿಸಬಾರದು. ಟ್ರಿಗರ್ ಒತ್ತಿದರೂ ಏನೂ ಆಗದಿದ್ದರೆ ಅದು ಇನ್ನೂ ಅಪಾಯದ ಗಳಿಗೆ. ಕಾಡತೂಸಿನ ಅಡಿಯಲ್ಲಿ ಮದ್ದಿಗೆ ಕಿಡಿ ಹಚ್ಚುವ ಕ್ಯಾಪು ತಡವಾಗಿ ಹೊತ್ತಿಕೊಳ್ಳಬಹುದು. ನಳಿಗೆ ಗುರಿಯ ಕಡೆಗೇ ಇರಲಿ, ಕನಿಷ್ಠ ಅರ್ಧ ನಿಮಿಷ ಕಾಯಿರಿ, ಖಾಲಿ ಇರುವ ಕೈ ಎತ್ತಿ ಅಧಿಕಾರಿಯನ್ನು ಕರೆಯಿರಿ. ರಿವಾಲ್ವರಿನಲ್ಲಿ ಮತ್ತೆ ಟ್ರಿಗರ್ ಎಳೆಯಲೇಬಾರದು, ಏಕೆಂದರೆ ಎಳೆದ ಕೂಡಲೇ ಸಿಲಿಂಡರ್ ತಿರುಗಿ ಆ ಕಾಡತೂಸು ನಳಿಗೆಯ ಎದುರಿನಿಂದ ಪಕ್ಕಕ್ಕೆ ಸರಿಯುತ್ತದೆ. ಅಲ್ಲಿ ಅದು ಸಿಡಿದರೆ ಗುಂಡಿಗೆ ಹೋಗಲು ದಾರಿಯಿಲ್ಲ. ನಮ್ಮ ಚಿನ್ನದ ಗಣಿಯಲ್ಲಿ ದುಡಿದ ಹಿರಿಯರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮಿಸ್‌ಫೈರ್ ಆದ ಹೋಲಿನ ಹತ್ತಿರ ಕೂಡಲೇ ಹೋಗಬಾರದೆಂಬುದು ಚಾಂಪಿಯನ್ ರೀಫ್, ಮೈಸೂರು, ನಂದಿದುರ್ಗ ಮೈನ್‌ಗಳಲ್ಲಿ ಬ್ಲಾಸ್ಟಿಂಗ್ ಮಾಡಿದ ಪ್ರತಿಯೊಬ್ಬರ ರಕ್ತದಲ್ಲಿತ್ತು.

ಇಡುವ ರೀತಿಯೂ ಮುಖ್ಯ. ಚರ್ಮದ ಬೆಲ್ಟಿನ ಕುಣಿಕೆಗಳಲ್ಲಿ ಕಾಡತೂಸು ಸಿಕ್ಕಿಸಿ ವರ್ಷಗಟ್ಟಲೆ ಗೋಡೆಗೆ ನೇತುಹಾಕುವ ಪದ್ಧತಿ ಹಳೆಯ ಮನೆಗಳಲ್ಲಿದೆ. ಚರ್ಮ ಹದ ಮಾಡುವ ರಾಸಾಯನಿಕ ಹಿತ್ತಾಳೆಯನ್ನು ತಿಂದು ಹಸಿರು ಕಿಲುಬು ಹಿಡಿಸುತ್ತದೆ. ಹೊಳೆಯಲೆಂದು ಎಣ್ಣೆ ಸವರಿದರೆ ಅದು ನಿಧಾನವಾಗಿ ಇಳಿದು ಕ್ಯಾಪನ್ನು ಸಾಯಿಸುತ್ತದೆ. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಿಟ್ಟರೆ ಗುಂಡಿನ ಸುತ್ತ ಹಚ್ಚಿದ ಮೇಣ ಕರಗಿ ಮದ್ದಿಗೆ ಇಳಿಯಬಹುದು. ಕಾರ್ಖಾನೆಯ ಡಬ್ಬಿಯಲ್ಲೇ, ತೇವವಿಲ್ಲದ ತಂಪು ಜಾಗದಲ್ಲಿ, ಬೀಗದೊಳಗೆ, ಆಯುಧದಿಂದ ಬೇರೆಯಾಗಿ ಇಡಿ. ವ್ಯಾಡ್‌ಕಟರ್ ಬರಿ ಸೀಸ, ಮೇಲೆ ತಾಮ್ರದ ಹೊದಿಕೆಯಿಲ್ಲ. ಹೊಡೆದ ಮೇಲೆ ಸೋಪು ಹಾಕಿ ಕೈತೊಳೆಯದೆ ಒಂದು ಲೋಟ ಚಹಾ ಸಹ ಕುಡಿಯಬೇಡಿ. ಅದಿರಿನ ಚಿನ್ನ ಪರೀಕ್ಷಿಸಲು ಸೀಸ ಕರಗಿಸುತ್ತಿದ್ದ ಊರು ನಮ್ಮದು, ಸೀಸದ ವಿಷ ಹೇಗೆ ಮೈಗೇರುತ್ತದೆಂದು ನಮ್ಮ ಹಿರಿಯರು ಬಲ್ಲರು.

ಈಗ ಟ್ರಂಕಿನ ವಿಷಯ. ನಮ್ಮೂರಿನ ಟ್ರಂಕಿನಲ್ಲಿ ಕಾಡತೂಸು ಸಿಕ್ಕರೆ ಆಶ್ಚರ್ಯವಿಲ್ಲ. 1880ರಲ್ಲಿ ಗಣಿ ನಡೆಸಲು ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಇಲ್ಲಿ ಒಂದು ಪುಟ್ಟ ಇಂಗ್ಲೆಂಡೇ ಬೆಳೆಯಿತು. ಬ್ರಿಟಿಷ್, ಆಂಗ್ಲೋ ಇಂಡಿಯನ್ ಉದ್ಯೋಗಿಗಳ ಸ್ವಯಂಸೇವಕ ರೈಫಲ್ ಪಡೆ 1903ರಲ್ಲಿ ಹುಟ್ಟಿ, 1920ರ ನಂತರ ಆಕ್ಸಿಲಿಯರಿ ಫೋರ್ಸಿನ ಕೋಲಾರ ಗೋಲ್ಡ್ ಫೀಲ್ಡ್ಸ್ ಬೆಟಾಲಿಯನ್ ಆಗಿ, ಸ್ವಾತಂತ್ರ್ಯದ ಹೊತ್ತಿಗೆ ಮುಗಿಯಿತು. ಆ ಕಾಲದ ಸಾಹೇಬರ ಸೊಂಟದಲ್ಲಿದ್ದದ್ದು ವೆಬ್ಲಿಯ 455, ಆಮೇಲೆ 38. ಬರ್ಮಿಂಗ್‌ಹ್ಯಾಮಿನ ಕೈನಾಕ್ ಎಂದು ಅಚ್ಚಾದ ಡಬ್ಬಿ, ಅಡಿಯಲ್ಲಿ ಖಡ್ಕಿ ಕಾರ್ಖಾನೆಯ ಕೆಎಫ್ ಗುರುತಿನ ಕೇಸು ಇಂಥ ಮನೆಗಳಲ್ಲಿ ಸಿಗುವಂಥವು. ಅದರಲ್ಲಿ ಚಪ್ಪಟೆ ಮೂತಿಯದು ಕಂಡರೆ ಇದೂ ವ್ಯಾಡ್‌ಕಟರ್ ಎಂದುಕೊಳ್ಳಬೇಡಿ. 455ಕ್ಕೆ ಒಂದು ಕಾಲದಲ್ಲಿ ಮೂತಿಯಲ್ಲಿ ಕುಳಿಯಿದ್ದ ಉರುಳೆ ಗುಂಡು ಬಂದಿತ್ತು. ಅದು ಹಾಳೆಗಲ್ಲ, ಯುದ್ಧಕ್ಕೆ ಮಾಡಿದ್ದು. ಹಿಗ್ಗುವ ಗುಂಡುಗಳನ್ನು ನಿಷೇಧಿಸಿದ 1899ರ ಹೇಗ್ ಒಪ್ಪಂದದ ನಂತರ ಸೇನೆಯ ಬಳಕೆಯಿಂದ ಅದನ್ನು ಹಿಂತೆಗೆದರು.

ಈ ಹಳೆಯ ಕಾಡತೂಸುಗಳಲ್ಲಿ ಕಾರ್ಡೈಟ್ ಎಳೆಗಳಿರುತ್ತವೆ, ಕ್ಯಾಪುಗಳಲ್ಲಿ ಪಾದರಸ ಅಥವಾ ಕ್ಲೋರೇಟ್ ಇರುತ್ತದೆ. ಕೇಸಿನ ಕುತ್ತಿಗೆ ಬಿರುಕು ಬಿಟ್ಟಿರಬಹುದು. ಹೊತ್ತಿಕೊಂಡರೆ ತಡವಾಗಿ ಹೊತ್ತಬಹುದು, ಅರೆಬರೆ ಉರಿಯಬಹುದು. ಚೆನ್ನಾಗೇ ಹಾರಿದರೂ ಕ್ಯಾಪಿನ ಉಪ್ಪು ನಳಿಗೆಯಲ್ಲಿ ಕೂತು ತೇವ ಹೀರಿ ತುಕ್ಕು ಹಿಡಿಸುತ್ತದೆ. ಒಂದಾದರೂ ಹಾರಿಸಿ ನೋಡೋಣ ಎಂಬ ಕುತೂಹಲಕ್ಕೆ ಇಲ್ಲಿ ಜಾಗವೇ ಇಲ್ಲ. ಕಾನೂನಿನ ಲೆಕ್ಕದಲ್ಲೂ ಇಲ್ಲ. 1959ರ ಆಯುಧ ಕಾಯ್ದೆಯಲ್ಲಿ ಬಂದೂಕು, ಮದ್ದುಗುಂಡು ಎರಡಕ್ಕೂ ಲೈಸೆನ್ಸ್ ಬೇಕು. ರಿವಾಲ್ವರ್ ಇಲ್ಲದ ಮನೆಯಲ್ಲಿ ಬರೀ ಕಾಡತೂಸು ಇದ್ದರೂ ತಪ್ಪೇ. 38, 455ಗಳಂತೂ ಜನಸಾಮಾನ್ಯರಿಗೆ ನಿಷೇಧಿತ ಬೋರ್‌ಗಳು. ಲೈಸೆನ್ಸ್ ಇದ್ದ ಹಿರಿಯರು ತೀರಿಕೊಂಡರೆ, ಅವರ ಆಯುಧ ಮತ್ತು ಗುಂಡನ್ನು ತಡಮಾಡದೆ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಪಡೆದ ಡೀಲರ್ ಬಳಿಯಲ್ಲೋ ಜಮಾ ಮಾಡಬೇಕೆಂದು ಅದೇ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಇಟ್ಟುಕೊಳ್ಳಲು ಅರ್ಹ ಬೋರ್ ಆಗಿದ್ದರೆ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೋರಿ ಅರ್ಜಿ ಹಾಕಬಹುದು.

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅದಾದ ಮೇಲೆ ಎಷ್ಟೋ ಕ್ವಾರ್ಟರ್ಸ್‌ಗಳು ಕೈ ಬದಲಾಗಿವೆ, ಅಟ್ಟದ ಸಾಮಾನು ಇಳಿದಿದೆ. ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಮನೆಯಲ್ಲಿ ಹಳೆಯ ಕಾಡತೂಸು ಕಂಡರೆ ಉಜ್ಜಿ ತೊಳೆಯಬೇಡಿ, ಒಡೆಯಬೇಡಿ, ಗುಜರಿಯವನಿಗೆ ಹಿತ್ತಾಳೆ ಲೆಕ್ಕದಲ್ಲಿ ಹಾಕಬೇಡಿ, ಬಾವಿಗೋ ಗಣಿಯ ಸಯನೈಡ್ ದಿಬ್ಬಕ್ಕೋ ಎಸೆಯಬೇಡಿ. ಬೆರಳುದ್ದದ, ವೈರು ಅಥವಾ ಬತ್ತಿ ಸಿಕ್ಕಿಸಿದ ಲೋಹದ ಕೊಳವೆ ಕಂಡರೆ ಅದು ಡಿಟೊನೇಟರ್ ಇರಬಹುದು, ಅದನ್ನು ಬೆರಳಿನಿಂದ ಮುಟ್ಟಲೂ ಬೇಡಿ, ಮಕ್ಕಳನ್ನು ಆಚೆ ಕಳಿಸಿ. ಕೈಯಲ್ಲಿ ಹಿಡಿದುಕೊಂಡು ಠಾಣೆಗೆ ಹೋಗುವುದಲ್ಲ, ಇದ್ದಲ್ಲೇ ಬಿಟ್ಟು 112ಕ್ಕೆ ಫೋನ್ ಮಾಡಿ, ಇಲ್ಲವೇ ನಿಮ್ಮ ಠಾಣೆಗೆ ತಿಳಿಸಿ, ಅವರೇ ಬಂದು ತೆಗೆದುಕೊಂಡು ಹೋಗಲಿ. ಕೊಟ್ಟದ್ದಕ್ಕೆ ಬರಹದಲ್ಲಿ ರಸೀದಿ ಪಡೆಯಲು ಮರೆಯಬೇಡಿ.